ಹೆಲ್ಮೆಟ್ಟಿನೊಳಗಿನ ಉಡಿಯಕ್ಕಿ

"ರೇಣವ್ವನ ಮಗಳಿಗಿ ಗಾಳಿ ಬಡದೈತಿ" ಎಂದು ನಾಲತವಾಡದ ಆ ಓಣಿಯವರು ಅನ್ನುತ್ತಿದ್ದರು. ದೆವ್ವದ ಗಾಳಿ ಅಂದುಕೊಳ್ಳಬೇಡಿ. ಬಾಗೇವಾಡಿ ಕಡೆಯ ಗುಡ್ಡದ ಮೇಲೆ ಕರೆಂಟು ಹುಟ್ಟಿಸುವ ಗಾಳಿಕಂಬಗಳಿವೆಯಲ್ಲ, ಅವುಗಳನ್ನು ಹತ್ತಿ ರಿಪೇರಿ ಮಾಡುವುದು ಸುವರ್ಣಾಳ ಕೆಲಸ. ಹತ್ತನೆಯ ತರಗತಿ ಮುಗಿಸಿ ಮುದ್ದೇಬಿಹಾಳದಲ್ಲಿ ಐಟಿಐ ಕಲಿತಳು. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ, ಕಂಬದೊಳಗಿನ ಏಣಿ ಹತ್ತಿದಳು. ಪಗಾರ ಮಾತ್ರ ಓಣಿಯ ಬಿ.ಎ. ಹುಡುಗರು ಕೇಳಿ ಸುಮ್ಮನಾಗುವಂಥದ್ದು.

ಮೇಲೆ ಕೂತು ನಟ್ಟು ಬಿಗಿಯುವಾಗ ಕೈಯಲ್ಲಿನ ಪಾನಾಕ್ಕೂ ದಾರ ಕಟ್ಟಿರಬೇಕು. ಅಲ್ಲಿಂದ ಏನೂ ಕೆಳಗೆ ಬೀಳಬಾರದು. ಸುವರ್ಣಾ ಒಂದು ಸ್ಕ್ರೂ ಸಹ ಬೀಳಿಸಿದವಳಲ್ಲ.

ಆದರೆ ಅವಳಿಗೊಂದು ಆಸೆಯಿತ್ತು. ಲಗ್ನವಾದ ಅಕ್ಕಂದಿರು ತವರಿನಿಂದ ಹೊರಟಾಗಲೆಲ್ಲ ಅವ್ವ ಉಡಿ ತುಂಬುತ್ತಿದ್ದಳು. ಅವರು ಸೆರಗೊಡ್ಡಿ ನಿಂತರೆ ಅದರೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು. ಸುವರ್ಣಾ ಪಕ್ಕದಲ್ಲಿ ಮೊರ ಹಿಡಿದು ನೋಡುತ್ತಿದ್ದಳು. ಅವಳು ಕೆಲಸಕ್ಕೆ ಹೊರಟಾಗ ಬುತ್ತಿ ಸಿಗುತ್ತಿತ್ತು, ಉಡಿ ಸಿಗುತ್ತಿರಲಿಲ್ಲ.

"ನನಗೂ ಒಮ್ಮೆ ತುಂಬಬೇ," ಎಂದರೆ ರೇಣವ್ವ, "ಲಗ್ನ ಆಗಲಿ, ಹೊರಲಾರದಷ್ಟು ತುಂಬ್ತೇನಿ," ಅನ್ನುವಳು.

ಲಗ್ನ ಕೂಡಿಬರಲಿಲ್ಲ. ನೋಡಲು ಬಂದ ಸಿಂದಗಿಯ ಗಂಡಿನ ತಾಯಿ ಅವಲಕ್ಕಿ ತಿನ್ನುತ್ತ, "ಹುಡುಗಿ ಚಂದ ಅದಾಳ್ರಿ. ಆದ್ರ ಡಿಗ್ರಿ ಇಲ್ಲ, ಮ್ಯಾಲ ಕಂಬ ಬ್ಯಾರೆ ಏರತಾಳ. ಗಾಳಿಗಿ ಹಾರಿ ಹೋದ್ರ ಯಾರ ಹುಡಕೋರ್ರಿ?" ಎಂದಳು.

"ಹಾರಿದ್ರ ಸಿಂದಗಿಗೇ ಬಂದ ಬೀಳತೇನ್ರಿ ಅತ್ತಿ," ಎಂದಳು ಸುವರ್ಣಾ. ಬಂದವರು ಚಹಾ ಕುಡಿಯದೆ ಎದ್ದರು.

ಈ ಬೇಸಿಗೆಯಲ್ಲಿ ಕಂಪನಿಯವರು ಅವಳನ್ನು ಗುಜರಾತಿಗೆ ಕರೆದರು. ಕಡಲ ದಂಡೆಯ ಕಂಬಗಳ ತಂಡಕ್ಕೆ ಅವಳೇ ಮುಂದಾಳು, ಅಲ್ಲೇ ಇರಬೇಕು. ಸುವರ್ಣಾ ಹೂಂ ಅಂದಳು. ರೇಣವ್ವ ಅಂದಿನಿಂದ ಲಗ್ನದ ಮಾತು ಬಿಟ್ಟಳು.

ಹೊರಡುವ ಮುಂಜಾನೆ ಅಣ್ಣ ಸುಭಾಸ ಬ್ಯಾಗು ಹೊತ್ತು ಆಟೋದ ಹತ್ತಿರ ಹೋದ. ಸುವರ್ಣಾ ಪ್ಯಾಂಟು, ಜಾಕೀಟು ತೊಟ್ಟು, ಹೆಲ್ಮೆಟ್ಟು ಕಂಕುಳಲ್ಲಿಟ್ಟು ಪಡಸಾಲೆಯಲ್ಲಿ ನಿಂತಳು. ಅವ್ವನ ಮುಖ ನೋಡಿದಳು, ಈ ಸಲ ಉಡಿ ಕೇಳಲಿಲ್ಲ. ರೇಣವ್ವ ಒಳಗೆ ಹೋಗಿ ಮೊರ ಹಿಡಿದು ಬಂದಳು. ಮೊರದಲ್ಲಿ ಅಕ್ಕಿ.

ಕಳಿಸಲು ಬಂದಿದ್ದ ಪಕ್ಕದ ಮನೆಯ ಅಮೀನಾಬಿ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯ ರೇಣವ್ವಾ, ಲಗ್ನಿಲ್ಲದಾಕಿಗಿ ಉಡಿ ತುಂಬಾಕತ್ತೀಯಲ್ಲ! ಮಂದಿ ಏನಂದಾರ?"

"ಲಗ್ನಾದವರಷ್ಟ ಮನಿ ಬಿಡ್ತಾರೇನ? ಇನ್ನ ಇಕಿ ಬಂದ್ರೂ ಅಕ್ಕಗೋಳ ಹಂಗ ನಾಕ ದಿನ ಇದ್ದು ಹೋಗಾಕಿನ," ಎಂದ ರೇಣವ್ವ ರೂಢಿಯಂತೆ, "ಸೆರಗ ಒಡ್ಡವ್ವಾ," ಅಂದಳು.

ಸುವರ್ಣಾಳ ಕೈ ಜಾಕೀಟಿನ ಮೇಲೆ ಸೆರಗು ಹುಡುಕಿತು. ಸಿಗಲಿಲ್ಲ. ಹೆಲ್ಮೆಟ್ಟನ್ನು ಅಂಗಾತ ತಿರುವಿ ಮುಂದೆ ಒಡ್ಡಿದಳು.

"ಅದು ತಲಿಗಿ ಹಾಕೋದಲ್ಲೇನ?"

"ತಲಿ ಕಾಯೂದು ನಿನ್ನ ಅಕ್ಕಿ ಕಾಯಂಗಿಲ್ಲೇನಬೇ?"

ರೇಣವ್ವ ಬೊಗಸೆ ಬೊಗಸೆಯಾಗಿ ತುಂಬಿದಳು. ಕೊಬ್ಬರಿ ಬಟ್ಟಲು ಒಳಗೆ ಕೂರದೆ ಒಂದಷ್ಟು ಹೊತ್ತು ಸತಾಯಿಸಿತು. ಅಕ್ಕಂದಿರು ಮಾಡುತ್ತಿದ್ದಂತೆ ಸುವರ್ಣಾ ಒಂದು ಚಿಟಿಕೆ ಅಕ್ಕಿಯನ್ನು ತವರಿನ ಪಾಲೆಂದು ಮೊರಕ್ಕೆ ಮರಳಿಸಿದಳು.

ಆಮೇಲೆ ಹೆಲ್ಮೆಟ್ಟನ್ನು ಎದೆಗವಚಿ, ಒಂದು ಕಾಳೂ ಚೆಲ್ಲದಂತೆ ಹೊಸ್ತಿಲು ದಾಟಿದಳು. ಎರಡೂ ಕೈ ತುಂಬಿದ್ದವು. ಕಣ್ಣೊರೆಸಿಕೊಳ್ಳಲು ಒಂದಕ್ಕೂ ಬಿಡುವಿರಲಿಲ್ಲ.