ಹಣೆಗೆ ಒತ್ತಿದ ಎಣ್ಣೆ

ದೀಪಾವಳಿಯ ಎಣ್ಣೆ ಶಾಸ್ತ್ರಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಬೇರೆಯವರ ಮನೆಯಲ್ಲಿ ನೆತ್ತಿಗೆ ಮೂರು ಬೊಟ್ಟು ಎಣ್ಣೆ ಇಟ್ಟು, ಆರತಿ ಎತ್ತಿ, ಸ್ನಾನಕ್ಕೆ ಕಳಿಸಿಬಿಡುತ್ತಾರೆ. ನಾವು ಹಾಗಲ್ಲ. ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಆಮೇಲೆ ಎರಡೂ ಅಂಗೈಗೆ ಬೆಚ್ಚಗಿನ ಎಣ್ಣೆ ಸವರಿಕೊಂಡು ಹಣೆ ಒತ್ತುತ್ತೇವೆ. ಹುಬ್ಬಿನ ನಡುವೆ ಶುರುಮಾಡಿ ಕಣತಲೆಯವರೆಗೆ, ವರ್ಷದ ತಲೆನೋವೆಲ್ಲ ಇಳಿದುಹೋಗುವಷ್ಟು ಬಿಗಿಯಾಗಿ. ನನ್ನ ಅಮ್ಮ ನನಗೆ ಒತ್ತಿದ್ದು ಹಾಗೆ, ನಾನು ನನ್ನ ಮಗಳಿಗೆ ಒತ್ತುತ್ತಾ ಬಂದದ್ದೂ ಹಾಗೆ. ಅವಳಿಗೆ ಈಗ ನಲವತ್ತೊಂಬತ್ತು. ಕಳೆದ ದೀಪಾವಳಿಯಲ್ಲೂ ಒತ್ತಿದೆ.

ಅದರಿಂದ ಏನಾಯಿತು ಎಂದು ಬರೆಯುವುದಕ್ಕೇ ನಾನು ಮೊಮ್ಮಗಳ ಕೈಯಲ್ಲಿ ಬೈಸಿಕೊಂಡು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿತಿದ್ದು. ಬಾಯಲ್ಲಿ ಹೇಳಲು ಹೋದರೆ ನಾನು ಯಾವುದನ್ನಾದರೂ ತಮಾಷೆ ಮಾಡಿಬಿಡುತ್ತೇನೆ. ಒಂದೊಂದೇ ಅಕ್ಷರ ಹುಡುಕಿ ಕುಟ್ಟುವಾಗ ಅದು ಆಗುವುದಿಲ್ಲ. ಅಷ್ಟು ಹೊತ್ತು ಸಿಟ್ಟನ್ನು ಹಿಡಿದುಕೊಂಡಿರಬೇಕಲ್ಲ, ಹಿಡಿದುಕೊಂಡಿದ್ದೇನೆ.

ಮಗಳು ಯಲಹಂಕದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಅಡ್ಮಿಷನ್ ಕೌಂಟರಿನಲ್ಲಿ ಕೂರುತ್ತಿದ್ದಳು. ಆರ್.ಟಿ. ನಗರದಲ್ಲಿ ನಾನು ಕೆಳಗಿನ ಮನೆ, ಅವಳು, ಅಳಿಯ, ಮೊಮ್ಮಗಳು ಮೇಲಿನ ಮನೆ. ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಹೊರಟರೆ ಹೆಬ್ಬಾಳದ ಫ್ಲೈಓವರ್ ದಾಟುವುದರೊಳಗೆ ಅರ್ಧ ಜೀವ ಹೋಗುತ್ತದೆ ಎನ್ನುತ್ತಿದ್ದಳು. ಆದರೂ ಆ ಕೌಂಟರೆಂದರೆ ಅವಳಿಗೆ ಪ್ರಾಣ. ಊರುಗಳಿಂದ ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದು, ಯಾವ ಕಾಗದ ಎಲ್ಲಿ ಕೊಡಬೇಕೆಂದು ತಿಳಿಯದೆ ನಿಲ್ಲುವ ಅಪ್ಪ ಅಮ್ಮಂದಿರನ್ನು ಕೂರಿಸಿ, ನೀರು ಕೊಟ್ಟು, ಫಾರಂ ತುಂಬಿಸುವುದು ಅವಳ ಕೆಲಸ. ಸಂಜೆ ಬಂದು ಅವರ ಕಥೆಗಳನ್ನೆಲ್ಲ ನನಗೆ ಹೇಳುತ್ತಿದ್ದಳು.

ಹಬ್ಬಕ್ಕೆ ಒಂದು ತಿಂಗಳ ಮುಂಚೆ ಅಲ್ಲಿಗೆ ಹೊಸ ಮ್ಯಾನೇಜರ್ ಬಂದ. ಕೌಂಟರಿನಲ್ಲಿ ಮೂವರಿದ್ದಾರೆ, ಒಬ್ಬರು ಸಾಕು, ಉಳಿದಿಬ್ಬರು ಹಿಂದಿನ ರೆಕಾರ್ಡ್ ರೂಮಿಗೆ ಹೋಗಬೇಕು, ಹಬ್ಬ ಮುಗಿದ ಮೇಲಿನ ಸೋಮವಾರ ಆಡಳಿತದವರೇ ಮೂವರನ್ನೂ ಕೂರಿಸಿ ಮಾತಾಡಿಸಿ ತೀರ್ಮಾನ ಮಾಡುತ್ತಾರೆ ಎಂದ. ಇವಳನ್ನು ಪಕ್ಕಕ್ಕೆ ಕರೆದು, ಒಳ್ಳೆಯ ಮಾತಿನಲ್ಲೇ ಅಂದನಂತೆ: "ಮೇಡಂ, ನಿಮ್ ಕೆಲ್ಸದ ಬಗ್ಗೆ ಏನೂ ಇಲ್ಲ. ಆದ್ರೆ ನೀವು ಯಾವಾಗ್ಲೂ ಸಿಟ್ಟಲ್ಲಿರೋ ಥರ ಕಾಣ್ತೀರ."

ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಗೊತ್ತಾಗಿದ್ದರೆ ಆಗಲೇ ಹೇಳುತ್ತಿದ್ದೆ, ಆ ಸಿಟ್ಟಿನ ಗೆರೆ ಅವಳದಲ್ಲ, ನನ್ನದು ಎಂದು. ಹುಬ್ಬಿನ ನಡುವೆ ನೆಟ್ಟಗೆ ಎರಡು ಗೆರೆ ನನಗಿದೆ, ನನ್ನ ಅಮ್ಮನಿಗಿತ್ತು. ನಾವು ಸಿಟ್ಟು ಮಾಡಿಕೊಂಡು ಮಾಡಿಕೊಂಡು ಅದನ್ನು ಸಂಪಾದಿಸಿದವರು. ನನ್ನ ಮಗಳು ಯಾರ ಮೇಲೂ ದನಿ ಎತ್ತಿದವಳಲ್ಲ. ಅವಳಿಗೆ ಅದು ಪುಕ್ಕಟೆ ಬಂದದ್ದು.

ದೀಪಾವಳಿಯ ನಾಲ್ಕನೇ ದಿನ ಬೆಳಿಗ್ಗೆ ಅವಳು ಮೆಟ್ಟಿಲಿಳಿದು ಬಂದಳು. ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿಕೊಂಡಿತ್ತು. ಅಂಗಡಿಯ ಶಟರ್ ಎಳೆಯುವಾಗ ಮಧ್ಯದಲ್ಲೇ ಸಿಕ್ಕಿಕೊಂಡರೆ ಇರುತ್ತದಲ್ಲ, ಹಾಗೆ. ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಕಟ್ಟೆಯ ಮೇಲೆ ಹೇಗೆ ಕೂತಿತೋ ತಿಳಿಯದು. ನಮ್ಮ ಮನೆಯವರಿಗೆ ಲಕ್ವ ಹೊಡೆದದ್ದು ಹೀಗೇ, ಬೆಳಿಗ್ಗೆ, ಮುಖದಿಂದ ಶುರುವಾಗಿ. ಎರಡೂ ಕೈ ಮೇಲೆತ್ತು ಎಂದೆ, ಹಲ್ಲು ಕಿರಿ ಎಂದೆ, ನನ್ನ ಹೆಸರು ಹೇಳು ಎಂದೆ. ಎಲ್ಲ ಮಾಡಿದಳು. ನಾನು ಆಟೋ ಕರೆಯಲು ಚಪ್ಪಲಿ ಮೆಟ್ಟಿಕೊಂಡೆ.

"ಅಮ್ಮ, ಲಕ್ವ ಅಲ್ಲ," ಎಂದಳು. "ಹಣೆಗೆ ಇಂಜೆಕ್ಷನ್ ಹಾಕಿಸ್ಕೊಂಡಿದ್ದೆ. ಗೆರೆ ಹೋಗೋಕೆ."

ಹೆದರಿಕೆ ಇಳಿದ ಜಾಗಕ್ಕೆ ಸಿಟ್ಟು ಬರಲು ಎಷ್ಟು ಹೊತ್ತು ಬೇಕು? ಅವಳು ಮ್ಯಾನೇಜರನ ಮಾತು ಹೇಳಿದಳು, ಸೋಮವಾರದ ವಿಷಯ ಹೇಳಿದಳು. ಸೋಮವಾರಕ್ಕೆ ಇನ್ನು ಮೂರು ದಿನ ಇತ್ತು. ನಾನು ಒಂದು ಕಡೆಯಿಂದ ಎಲ್ಲರನ್ನೂ ಬೈದೆ. ಆ ಮ್ಯಾನೇಜರನನ್ನು, ಅಳಿಯನನ್ನು, ಗೊತ್ತಿದ್ದೂ ಬಾಯಿ ಬಿಡದ ಮೊಮ್ಮಗಳನ್ನು. ನನಗೊಂದು ಮಾತು ಹೇಳಲು ಏನು ಬಂದಿತ್ತು ಎಂದು ಮಗಳನ್ನು ಕೇಳಿದೆ.

ಅವಳು ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. "ಎದುರು ಮನೆ ಆಂಟಿನ ಅಣಕಿಸಿ ತೋರಿಸ್ತೀಯಲ್ಲ, ಹಂಗೆ ನನ್ನೂ ಅಣಕಿಸಿ ತೋರಿಸ್ತಿದ್ದೆ."

ನಿಜ. ಎದುರು ಮನೆಯಾಕೆ ಕೆನ್ನೆಗೆ ಏನೋ ತುಂಬಿಸಿಕೊಂಡು ಬಂದ ವಾರ, ನಾನು ಬಾಯಿಯೊಳಗೆ ಎರಡು ಕೋಡುಬಳೆ ತುರುಕಿಕೊಂಡು ಅವಳ ಹಾಗೆ ನಕ್ಕು ತೋರಿಸಿದ್ದೆ. ಮೊಮ್ಮಗಳು ನೆಲದ ಮೇಲೆ ಬಿದ್ದು ನಕ್ಕಿದ್ದಳು. ಬಂದವರಿಗೆಲ್ಲ ಮಾಡಿ ತೋರಿಸಿದೆ. ಪಾರ್ಕಿನ ಕಲ್ಲುಬೆಂಚಿನ ಮೇಲೂ ಮಾಡಿದೆ.

ಇಂಜೆಕ್ಷನ್ ಹಾಕಿದ ಆ ಡಾಕ್ಟರನ್ನೇ ವಿಚಾರಿಸಿಕೊಳ್ಳುತ್ತೇನೆ, ನಡಿ ಎಂದೆ.

ಕ್ಲಿನಿಕ್ಕು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನಿಂದ ಖಾರಾ ಬನ್ನಿನ ವಾಸನೆ ಬರುತ್ತಿತ್ತು. ಗೋಡೆಯ ತುಂಬ ಒಬ್ಬಳೇ ಹುಡುಗಿಯ ಚಿತ್ರ. ಇಪ್ಪತ್ತು ದಾಟಿರಲಿಕ್ಕಿಲ್ಲ, ಮುಖದ ಮೇಲೆ ಒಂದು ಗೆರೆ ಇಲ್ಲ, ಅವಳು ಸುಕ್ಕಿನ ಬಗ್ಗೆ ನಮಗೆ ಬುದ್ಧಿ ಹೇಳುತ್ತಿದ್ದಳು. ಡಾಕ್ಟರೂ ಚಿಕ್ಕ ಹೆಂಗಸೇ. ನಾನು ಕೂರುವ ಮುಂಚೆಯೇ ಕೇಳಿದೆ.

"ನನ್ನ ಮಗಳ ಕಣ್ಣಿಗೆ ಏನ್ ಮಾಡಿದ್ರಿ?"

ಆಕೆ ಹೆದರಲಿಲ್ಲ. ಮಗಳ ರೆಪ್ಪೆಯನ್ನು ಎತ್ತಿ ನೋಡಿದರು, ಮೇಲೆ ಕೆಳಗೆ ನೋಡಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಅರ್ಥ ಮಾಡಿಸುತ್ತೇನೆ, ಒಂದು ಸಲ ಸಿಟ್ಟು ಮಾಡಿಕೊಳ್ಳಿ ಅಜ್ಜಿ ಎಂದರು.

"ಮಾಡ್ಕೊಂಡೇ ಬಂದಿದೀನಿ," ಎಂದೆ.

ನಕ್ಕರು. ನನ್ನ ಕೈಗೆ ಕನ್ನಡಿ ಕೊಟ್ಟು, ಹುಬ್ಬಿನ ನಡುವಿನ ಗೆರೆಗಳನ್ನು ತೋರಿಸಿದರು. ಹುಬ್ಬು ಗಂಟಿಕ್ಕಿದಾಗ ಅಲ್ಲಿಯ ಸ್ನಾಯು ಚರ್ಮವನ್ನು ಎಳೆಯುತ್ತದಂತೆ. ಚಿಕ್ಕ ವಯಸ್ಸಿನಲ್ಲಿ ಬಿಟ್ಟ ತಕ್ಷಣ ಗೆರೆ ಹೋಗುತ್ತದೆ, ವರ್ಷ ಕಳೆದಂತೆ ಚರ್ಮ ತೆಳುವಾಗಿ ಗೆರೆ ಅಲ್ಲೇ ನಿಂತುಬಿಡುತ್ತದೆ. ಇಂಜೆಕ್ಷನ್ ಆ ಸ್ನಾಯುವನ್ನು ಮೂರು ನಾಲ್ಕು ತಿಂಗಳು ಸಡಿಲ ಮಾಡುತ್ತದೆ, ಆಮೇಲೆ ಮತ್ತೆ ಮೊದಲಿನಂತೆ. ಬಿಸಿಲಿನಿಂದ ಬರುವ ಸಣ್ಣ ಗೆರೆಗೆ ಕ್ರೀಮು ಇದೆ, ಬಿಸಿಲಿಗೆ ಹೋಗುವ ಮುಂಚೆ ಹಚ್ಚಿಕೊಳ್ಳುವುದು ಇನ್ನೂ ಒಳ್ಳೆಯದು. ಗುಳಿ ಬಿದ್ದ ಕೆನ್ನೆಗೆ ತುಂಬಿಸುವ ಔಷಧಿ ಬೇರೆ, ಕಲೆಗೆ ಲೇಸರ್ ಬೇರೆ. ಯಾವುದನ್ನೂ ಮಾಡಿಸದೆ ಇರುವುದೂ ಒಂದು ದಾರಿಯೇ ಎಂದರು. ಎದುರು ಮನೆಯಾಕೆಯ ಕೆನ್ನೆಯಲ್ಲಿ ಏನಿದೆ ಎಂದು ಅವತ್ತು ತಿಳಿಯಿತು. ಜಗಳಕ್ಕೆ ಬಂದವಳು ನಾನು ತಲೆಯಾಡಿಸುತ್ತಾ ಕೂತಿದ್ದೆ. ಅದಕ್ಕೂ ಸಿಟ್ಟು ಬಂತು.

ಈ ಔಷಧಿ ಹಾಕಿದ ಜಾಗದಲ್ಲೇ ಇರಬೇಕು ಎಂದರು ಡಾಕ್ಟರು. ಕೆಳಗೆ ಸರಿದರೆ ರೆಪ್ಪೆ ಎತ್ತುವ ಸ್ನಾಯುವಿಗೂ ತಗುಲುತ್ತದೆ. ಅಪರೂಪಕ್ಕೆ ತಾನಾಗಿಯೂ ಆಗಬಹುದು. ಅದಕ್ಕೇ ಒಂದು ದಿನ ಆ ಜಾಗವನ್ನು ಉಜ್ಜಬಾರದು, ಒತ್ತಬಾರದು ಎಂದು ಬಾಯಲ್ಲೂ ಹೇಳಿ, ಕಾಗದದಲ್ಲೂ ಬರೆದು ಕೊಡುತ್ತೇವೆ. ಆಮೇಲೆ ಮಗಳನ್ನು ಕೇಳಿದರು: "ಅವತ್ತು ಸಂಜೆ ಹಾಕಿಸ್ಕೊಂಡು ಹೋದ್ಮೇಲೆ, ಮಾರನೇ ದಿನ ಹಣೆ ಯಾರಾದ್ರೂ ಒತ್ತಿದ್ರಾ?"

ಮಾರನೇ ದಿನ ನರಕ ಚತುರ್ದಶಿ, ಎಣ್ಣೆ ಶಾಸ್ತ್ರ. ಇನ್ನೂ ಬೆಳಕಾಗುವ ಮುಂಚೆ ನಾನು ಅವಳನ್ನು ಮಣೆಯ ಮೇಲೆ ಕೂರಿಸಿದ್ದೆ. ಅಂಗೈ ಹಣೆಗೆ ಹೋದಾಗ ಅವಳು ತಲೆ ಹಿಂದಕ್ಕೆ ಎಳೆದುಕೊಂಡಿದ್ದಳು, ಸಾಕಮ್ಮ ಎಂದಿದ್ದಳು. ನಾನು ಅವಳ ತಲೆ ಹಿಡಿದು ಮುಂದಕ್ಕೆ ತಂದು, ಎಲ್ಲ ವರ್ಷಕ್ಕಿಂತ ಎರಡು ಸುತ್ತು ಜಾಸ್ತಿಯೇ ಒತ್ತಿದ್ದೆ.

"ಇಲ್ಲ ಡಾಕ್ಟ್ರೇ," ಎಂದಳು ಮಗಳು. "ಯಾರೂ ಮುಟ್ಟಿಲ್ಲ."

ನನ್ನ ಮುಖ ನೋಡದೆ ಹೇಳಿದಳು. ಅದು ನನ್ನನ್ನು ಸುಟ್ಟಿತು. ನನ್ನ ತಮಾಷೆಗೆ ಹೆದರಿ ಮುಚ್ಚಿಟ್ಟವಳು, ಈಗ ನನ್ನನ್ನೇ ಮುಚ್ಚಿಡುತ್ತಿದ್ದಾಳೆ.

"ನಾನ್ ಒತ್ತಿದ್ದೀನಿ," ಎಂದೆ. "ಈ ಎರಡು ಕೈಯಲ್ಲಿ."

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ತಿರುಗಿ ಬೈಯಬಹುದಿತ್ತು. ಇದರಿಂದಲೇ ಆಯಿತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು, ಕಣ್ಣಿಗೆ ಹನಿ ಬರೆದುಕೊಟ್ಟರು, ಕೆಲವು ವಾರಗಳಲ್ಲಿ ರೆಪ್ಪೆ ತಾನಾಗಿ ಏಳುತ್ತದೆ ಎಂದರು. ಸೋಮವಾರದೊಳಗೆ ಏಳುತ್ತದೆಯೇ ಎಂದು ಕೇಳಿದೆ.

ಏಳಲಿಲ್ಲ. ಹನಿ ಹಾಕಿದಾಗ ಸ್ವಲ್ಪ ಮೇಲೆ ಹೋಗುತ್ತಿತ್ತು, ಮತ್ತೆ ಬೀಳುತ್ತಿತ್ತು. ಸೋಮವಾರ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ದಪ್ಪ ಫ್ರೇಮಿನ ಕನ್ನಡಕ ಹಾಕಿಕೊಂಡು ಹೋದಳು. ಹಣೆ ಮಾತ್ರ ಸೋರೆಕಾಯಿಯಂತೆ ನುಣ್ಣಗಿತ್ತು, ಎರಡು ಗೆರೆಯಲ್ಲಿ ಒಂದೂ ಇರಲಿಲ್ಲ. ಸಂಜೆ ಬಂದು ಡಬ್ಬಿ ಇಟ್ಟು ಹೇಳಿದಳು, ಕಣ್ಣಿಗೆ ರೆಸ್ಟ್ ಸಿಗಲಿ ಅಂತ ರೆಕಾರ್ಡ್ ರೂಮಿಗೆ ಹಾಕಿದ್ದಾರೆ. ಕೌಂಟರಿಗೆ ಇವಳೇ ಕೆಲಸ ಕಲಿಸಿದ ಹುಡುಗಿಯನ್ನು ಇಟ್ಟುಕೊಂಡಿದ್ದಾರೆ.

ನಾನು ಕಾಲೇಜಿಗೆ ಹೋಗುತ್ತೇನೆ ಎಂದು ಹಟ ಹಿಡಿದೆ. ಆ ಮ್ಯಾನೇಜರನ ಫೋಟೋವನ್ನು ಮೊಮ್ಮಗಳು ತೋರಿಸಿದ್ದಳು. ಕಣ್ಣಿನ ಕೆಳಗೆ ಎರಡು ಚೀಲ ನೇತಾಡುತ್ತವೆ, ನೆತ್ತಿ ಬರಿದಾಗಿದೆ. ಅವನನ್ನು ಯಾರೂ ಹಿಂದಿನ ರೂಮಿಗೆ ಕಳಿಸಿಲ್ಲ. ಮಗಳು ನನ್ನ ಕೈ ಹಿಡಿದು ಕೂರಿಸಿ, ನೀನು ಬಂದರೆ ಆ ಕೆಲಸವೂ ಹೋಗುತ್ತದೆ ಎಂದಳು. ಕೂತೆ. ಕೂತಲ್ಲೇ ಬೆಂದೆ.

ರೆಪ್ಪೆ ಸಂಕ್ರಾಂತಿಗೆ ಮುಂಚೆ ಪೂರ್ತಿ ಮೇಲೆ ಹೋಯಿತು. ಶಿವರಾತ್ರಿ ಹೊತ್ತಿಗೆ ಎರಡು ಗೆರೆಗಳೂ ವಾಪಸ್ ಬಂದವು. ಅವಳು ಸಂಜೆ ಕಥೆ ಹೇಳುವುದು ಮಾತ್ರ ನಿಂತಿತು. ಫೈಲುಗಳಿಗೆ ಏನು ಕಥೆ ಇರುತ್ತದೆ? ನಾನು ಎದುರು ಮನೆಯಾಕೆಯನ್ನು ಅಣಕಿಸುವುದು ಬಿಟ್ಟೆ. ಎದುರಿಗೆ ಸಿಕ್ಕಾಗ ನಾನಾಗಿ ನಿಂತು ಮಾತಾಡಿಸಿದೆ, ಆಕೆ ಅನುಮಾನದಿಂದಲೇ ಉತ್ತರ ಕೊಟ್ಟಳು.

ಯುಗಾದಿಯ ಹಿಂದಿನ ಸಂಜೆ ನಾನು ಎಣ್ಣೆ ಬಟ್ಟಲು ತೊಳೆದಿಡುತ್ತಿದ್ದೆ. ಮಗಳು ಅಡಿಗೆ ಮನೆಯ ಬಾಗಿಲಲ್ಲಿ ಬಂದು ನಿಂತಳು. ಬ್ಯಾಗು ಇನ್ನೂ ಭುಜದ ಮೇಲೇ ಇತ್ತು.

"ಅಮ್ಮ, ನಾಳೆ ಹಣೆ ಒತ್ಬೇಡ."

"ಯಾಕೆ?"

"ಇವತ್ತು ಮತ್ತೆ ಹಾಕಿಸ್ಕೊಂಡು ಬಂದೆ."

ಬಟ್ಟಲು ಕೆಳಗಿಟ್ಟೆ. ಬಾಯಿಗೆ ಬಂದದ್ದರಲ್ಲಿ ಎಲ್ಲಕ್ಕಿಂತ ಸಣ್ಣದನ್ನೇ ಆರಿಸಿಕೊಂಡೆ.

"ಆ ಹಿಂದಿನ ರೂಮಲ್ಲಿ ನಿನ್ನ ಮುಖ ಯಾರೇ ನೋಡ್ತಾರೆ, ಫೈಲುಗಳಾ?"

"ನಾನ್ ನೋಡ್ಕೋತೀನಿ," ಎಂದಳು. "ಕೌಂಟರ್‌ಗೆ ಮತ್ತೆ ಅರ್ಜಿ ಕೊಟ್ಟಿದೀನಿ. ಕೊಡ್ತಾರೋ ಬಿಡ್ತಾರೋ. ಅದಕ್ಕೋಸ್ಕರ ಅಲ್ಲ ಇದು."

ಅದಕ್ಕೋಸ್ಕರ ಅಲ್ಲದಿದ್ದರೆ ಇನ್ಯಾತಕ್ಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನನ್ನ ಅಮ್ಮನಿಂದ ಬಂದ ಗೆರೆಯನ್ನು ದುಡ್ಡು ಕೊಟ್ಟು ಅಳಿಸಿಕೊಳ್ಳುವುದು ನನಗೆ ಹಿಡಿಸುವುದಿಲ್ಲ, ಹಾಗೆಂದು ಅವಳ ಮುಖಕ್ಕೇ ಹೇಳಿದ್ದೇನೆ. ಆದರೆ ಈ ಸಲ ಅವಳು ಮೆಟ್ಟಿಲು ಹತ್ತುವ ಮುಂಚೆ, ಬ್ಯಾಗೂ ಇಳಿಸದೆ, ಮೊದಲು ನನಗೆ ಬಂದು ಹೇಳಿದ್ದಳು.

ಮಾರನೇ ಬೆಳಿಗ್ಗೆ ಅವಳನ್ನು ಮಣೆಯ ಮೇಲೆ ಕೂರಿಸಿದೆ. ನೆತ್ತಿಗೆ ಮೂರು ಬೊಟ್ಟು ಎಣ್ಣೆ ಇಟ್ಟೆ, ಬೇರೆಯವರ ಮನೆಯ ಹಾಗೆ. ಆದರೆ ಅಭ್ಯಾಸ ಬಲದಿಂದ ಅಂಗೈಗೆ ಎಣ್ಣೆ ಸವರಿಕೊಂಡುಬಿಟ್ಟಿದ್ದೆ. ಹಣೆಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಅವಳು ತಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಕಣ್ಣು ಮುಚ್ಚಿಕೊಂಡು ಹಾಗೇ ಕೂತಿದ್ದಳು. ನಾನು ಎರಡೂ ಕೈ ಕೆಳಗಿಳಿಸಿ ಅವಳ ಭುಜಕ್ಕೆ ಎಣ್ಣೆ ಹಾಕಿ ಒತ್ತಿದೆ. ಇದ್ದ ಸಿಟ್ಟನ್ನೆಲ್ಲ ಹಾಕಿ ಒತ್ತಿದೆ.

"ನೋಯುತ್ತೆ ಅಮ್ಮ," ಎಂದಳು.

"ನೋಯ್ಲಿ," ಎಂದೆ.