ನೀರು ಹೊಯ್ಯುತ್ತಿದ್ದ ಪಕ್ಕದ ಮನೆಯ ಅವ್ವ

ನಿಜಾಮರ ಕಾಲದ ಮಾತು. ಆ ದಿನವೂ ಬೆಳಿಗ್ಗೆ ಒಲೆಯ ಬೂದಿ ತೆಗೆದು, ಅದರಲ್ಲೇ ಕೊಡ ಬೆಳಗಿ, ಕುಷ್ಟಗಿಯ ನಮ್ಮ ಓಣಿಯ ಬಾವಿಗೆ ಹೋದೆ. ಕಾನ್ವೆಂಟಿನಲ್ಲಿ ಓದಿ ಸೊಸೆಯಾಗಿ ಬಂದ ನನಗೆ ನೀರು ಸೇದಲು ಸರಿಯಾಗಿ ಬರುತ್ತಿರಲಿಲ್ಲ. ಪಕ್ಕದ ಮನೆಯ ಅವ್ವನೇ ಸೇದಿಕೊಡುತ್ತಿದ್ದಳು. ನನಗಿಂತ ಮೊದಲು, ಕಟ್ಟೆಯ ಕೆಳಗೆ ಕಾಯುತ್ತಿದ್ದ ಹೊರಕೇರಿಯ ಹೆಂಗಸರಿಗೆ ಕೊಡುತ್ತಿದ್ದಳು. ಬಾವಿಗಿದ್ದ ಒಂದೇ ಹಗ್ಗವನ್ನು ಅವರು ಮುಟ್ಟುವಂತಿರಲಿಲ್ಲ.

ಉಳಿದವರು ಎತ್ತರದಿಂದ ಹೊಯ್ದು ಅರ್ಧ ಚೆಲ್ಲುತ್ತಿದ್ದರು. ಅವ್ವ ಮಾತ್ರ ಬಕೆಟ್ಟಿನ ಅಂಚನ್ನು ಅವರ ಕೊಡದ ಬಾಯಿಗೇ ಆನಿಸಿ ಹೊಯ್ಯುತ್ತಿದ್ದಳು. ಯಾರಾದರೂ ಗೊಣಗಿದರೆ ದಣಿದ ದನಿಯಲ್ಲಿ ಒಂದೇ ಮಾತು: "ನೀರ ನಾ ಹಡದೀನೇನವಾ?"

ಅಂದು ಎರಡು ಸಲ ಜಗ್ಗಿ, ಆಗದೆ, ಕಟ್ಟೆಯ ಮೇಲೆ ಕೂತುಬಿಟ್ಟಳು. ಕೆಳಗಿದ್ದವಳೊಬ್ಬಳು, "ಮನ್ಯಾಗ ಬಾಣಂತಿ ಅದಾಳ್ರೀ, ಹನಿ ನೀರಿಲ್ಲ" ಎಂದಳು. ಅವ್ವ ನನ್ನತ್ತ ನೋಡಿದಳು. ನಾನು ಕೊಡಕ್ಕೆ ಅಂಟಿದ್ದ ಬೂದಿ ಒರೆಸುತ್ತ ನಿಂತೆ.

"ನನ್ನ ರಟ್ಟಿ ಸೋತಾವು. ಮ್ಯಾಲ ಬಾ, ನೀನ ಸೇದು" ಎಂದು ಅವ್ವ ಹಗ್ಗವನ್ನು ಕೆಳಗಿದ್ದ ಆಕೆಯ ಕೈಗೆ ಕೊಟ್ಟಳು. ಆಕೆ ತನ್ನ ಕೊಡದ ಜೊತೆಗೆ ಅವ್ವನದನ್ನೂ ನನ್ನದನ್ನೂ ತುಂಬಿಸಿ ಇಳಿದಳು. ನಾನು ಆ ನೀರು ಹೊತ್ತು ತಂದೆ. ಅಂದಿನ ಅಡುಗೆ ಅದರಲ್ಲೇ ಆಯಿತು.

ಸಂಜೆ ಎದುರು ಮನೆಯಾಕೆ ಜೋಳ ಕೇರುತ್ತ ಅಂದಳು: "ಆಕಿ ಮುಟ್ಟಿದ್ಲಂತ ಹಿರೇರು ಬಾವಿ ಹಗ್ಗ ಸುಡಿಸ್ಯಾರಂತ್ರೀ. ಹೊಸಾದು ಬರೂತನಕ ನಾವೂ ಕೊಡ ಹಿಡಕೊಂಡು ಕಾಯೋದ ಆತು ನೋಡ್ರಿ."