ಸಾವಂತ್ರೆವ್ವ ಗಾಡಿ ತೊಳದ ದಿನ

ನಮ್ಮತ್ತಿ ಸಾವಂತ್ರೆವ್ವಗ ಹೊಲಸು ಕಂಡ್ರ ಸಿಟ್ಟು. ಮನಿಗೆ ಬಂದವ್ರು ಚಪ್ಪಲ್ ಬಿಟ್ಟ ಜಾಗಾನೂ ಒರಸೂ ಮನಷ್ಯಾರು. ಬೈಲಹೊಂಗಲದ ಒಂದು ಖಾಸಗಿ ದವಾಖಾನ್ಯಾಗ ಇಪ್ಪತ್ತು ವರ್ಷದ ಮ್ಯಾಲ ನೆಲಾ, ಸಂಡಾಸ, ಆಪರೇಶನ್ ಖೋಲಿ ತೊಳದಾರ. ಗಂಡ ಲಗೂ ತೀರಿಕೊಂಡ ಮ್ಯಾಲ ಅದ ಬಕೀಟು ಹಿಡದು ಮಗನ್ನ ಸಾಲಿ ಕಲಿಸಿದ್ರು, ಹುಡುಕ್ಯಾಡಿ ನನ್ನ ಸೊಸಿ ಮಾಡಿಕೊಂಡ್ರು. ಕೆಲಸ ಬಿಟ್ಟು ಮನ್ಯಾಗ ಇದ್ರೂ ಅವ್ರ ಕೈ ಸುಮ್ಮನ ಕುಂದರಲಿಲ್ಲ. “ಅತ್ತಿ, ಬುದ್ಧನ ಮೂರ್ತಿಗೂ ಫಿನಾಯಿಲ್ ಹಚ್ಚೀರಿ ಮತ್ತ” ಅಂತ ನಾನು ಚಾಷ್ಟಿ ಮಾಡತಿದ್ನಿ. “ಯಶೋಧಾ, ಹಚ್ಚಿದ್ರ ನಿನಗೇನ ಭಾರ?” ಅಂತಿದ್ರು.

ನಮ್ಮ ಮನಿಯವ್ರು ಪರಶು, ಬಾಡಿಗಿ ಕಾರು ಹೊಡಿತಾರ. ಆ ಗಾಡಿ ತೊಳಿಯೂ ವಿಷಯಕ್ಕ ತಾಯಿ-ಮಗಗ ದಿನಾ ಜಗಳ. ಅತ್ತಿ ಪಾತ್ರಿ ಸೋಪು, ಅರಬಿ ತೊಳಿಯೂ ಪುಡಿ, ಕೈಗೆ ಸಿಕ್ಕದ್ದು ಹಚ್ಚೂದು. ಇವ್ರು “ಯವ್ವಾ, ಗಾಡಿಗೆ ಬ್ಯಾರೆ ಶಾಂಪೂ ಐತಿ, ಪಾತ್ರಿ ಸೋಪಿಗೆ ಪೇಂಟಿನ ಹೊಳಪು ಹೋಕ್ಕೈತಿ” ಅಂತ ಬಡಕೊಳ್ಳೂದು. “ಆಪರೇಶನ್ ಖೋಲಿ ತೊಳದಾಕಿಗೆ ಗಾಡಿ ತೊಳಿಯೂದು ಕಲಸ್ತಿಯೇನ?” ಅಂತ ಅತ್ತಿ ಅಂದ್ರ ಜಗಳ ಮುಗೀತು.

ಹೋದ ಬ್ಯಾಸಗ್ಯಾಗ ಇವ್ರು ಒಂದು ಮನಿ ಮಂದೀನ ಸವದತ್ತಿ ಗುಡ್ಡಕ್ಕ ಕರಕೊಂಡ ಹೋಗಿದ್ರು. ಗುಡ್ಡ ಇಳಿಯೂ ಮುಂದ ಅದ್ರಾಗಿನ ಒಬ್ಬಾಕಿ ಹಿಂದಿನ ಸೀಟಿನ್ಯಾಗ ವಾಂತಿ ಮಾಡಿಬಿಟ್ಳು. ನೀರು ಹಾಕಿ ತಿಕ್ಕಿದ್ರೂ, ಊದಿನಕಡ್ಡಿ ಹಚ್ಚಿದ್ರೂ ವಾಸನಿ ಹೋಗಲಿಲ್ಲ. ಬಿಸಲಾಗ ನಿಂತ ಗಾಡಿ ಬಾಗಲಾ ತಗದ್ರ ಕರಳ ಕಿತ್ತ ಬರತಿತ್ತು. ಮರುದಿನ ಕನ್ಯಾ ನೋಡಾಕ ಹೊಂಟ ಮಂದೀನ ರಾಮದುರ್ಗಕ್ಕ ಒಯ್ಯೂದಿತ್ತು. “ಸಂಜಿಕ ವಾಶಿಂಗ್‌ದವ್ರ ಕಡೆ ಒಯ್ತೇನಿ” ಅಂತ ಹೇಳಿ ಇವ್ರು ಊಟಾ ಮಾಡಿ ಅಡ್ಡಾದ್ರು.

ಅತ್ತಿ ನನ್ನ ಕಡೆ ನೋಡಿದ್ರು. “ಬ್ಲೀಚಿಂಗ್ ಪೌಡರ್ ಎಲ್ಲಿಟ್ಟಿ?”

“ಅತ್ತಿ, ಬ್ಯಾಡ್ರಿ. ಸೀಟಿನ ಬಣ್ಣ ಹೋದ್ರ ನಿಮ್ಮ ಮಗಾ ನನ್ನ ಬೈತಾರ.”

“ಬೈದ್ರ ನನಗ ಬೈಲಿ” ಅಂದ್ರು. ಅವ್ರ ಕೂಡ ಮಾತಿಗೆ ನಿಂತ್ರ ಸಂಜಿ ಆಕ್ಕೈತಿ. ಮಾಳಿಗಿ ಮ್ಯಾಲ ಒಣಗಿದ ಸಂಡಿಗಿ ತಗಿಯೂದಿತ್ತು, ಗೊಣಗಿಕೋತ ಮ್ಯಾಲ ಹತ್ತಿದ್ನಿ.

ಅವ್ರು ಮಾಡಿದ್ದು ಆಮ್ಯಾಲ ಗೊತ್ತಾತು. ಬ್ಲೀಚಿಂಗ್ ಪೌಡರ್ ಕಲಸಿ ಸೀಟಿಗೆ ಹಚ್ಚ್ಯಾರ. ಕೆಳಗ ಮ್ಯಾಟಿನ ಕಲಿ ಬಿಡಲಿಲ್ಲಂತ ಸಂಡಾಸಕ್ಕ ಹಾಕೂ ಆಸಿಡ್ ಅದರ ಮ್ಯಾಲ ಸುರವ್ಯಾರ. ದವಾಖಾನ್ಯಾಗ ಆಪರೇಶನ್ ಖೋಲಿಗೆ ಔಷಧ ಹೊಡದು ಬಾಗಲಾ ಮುಚ್ಚಿಡತಾರ, ಮುಚ್ಚಿದ್ರನ ಅದು ಹಿಡಿತೈತಿ ಅನ್ನೂದು ಅತ್ತಿ ತಲ್ಯಾಗ. ಹಂಗಂತ ತಾವು ಹಿಂದ ಕುಂತು, ಬಾಗಲಾ ಎಳಕೊಂಡು, ಒಳಗ ತಿಕ್ಕಾಕ ಹತ್ಯಾರ!

ಆ ಗಾಡಿ ಹಿಂದಿನ ಬಾಗಲಾ ಒಳಗಿಂದ ತಗಿಯಾಕ ಬರಂಗಿಲ್ಲ. ಸಣ್ಣ ಹುಡುಗ್ರು ದಾರ್ಯಾಗ ತಗದಾವಂತ ಇವ್ರು ಹಂಗ ಲಾಕ್ ಮಾಡಿಟ್ಟಿದ್ರು. ಗ್ಲಾಸ್ ಇಳಸಾಕ ಚಾವಿ ಬೇಕು, ಚಾವಿ ಇವ್ರ ಕಿಸೇದಾಗ. ಮುಂದಿನ ಸೀಟಿಗೆ ದಾಟಬೇಕಂದ್ರ ಅತ್ತಿ ಮೊಣಕಾಲು ಕೇಳಬೇಕಲ್ಲ.

ನಾನು ಮಾಳಿಗಿ ಮ್ಯಾಲಿಂದ ಕೆಳಗ ನೋಡಿದ್ನಿ. ಗಾಡಿ ಅಳ್ಳಾಡಾಕ ಹತ್ತಿತ್ತು. ಭಾಳ ಜೋರ್‌ಲೆ ತಿಕ್ಕತಾರಪಾ ಅಂದ್ಕೊಂಡ್ನಿ. ಆಮ್ಯಾಲ ಗ್ಲಾಸಿಗೆ ಹತ್ತಿದ ಎರಡು ಅಂಗೈ ಕಂಡ್ವು. ಬಡಿಯಾಕ ಹತ್ತಿದ್ವು. ಸಂಡಿಗಿ ಬುಟ್ಟಿ ಎಲ್ಲಿ ಒಗದ್ನೋ, ಪಾವಟಗಿ ಹೆಂಗ ಇಳದ್ನೋ ನನಗ ನೆನಪಿಲ್ಲ.

ಬಾಗಲಾ ಜಗ್ಗಿದ್ನಿ. ಕಣ್ಣಿಗೆ ಖಾರಪುಡಿ ಒಗದಂಗಾತು, ಗಂಟಲಾ ಹಿಡೀತು. ಅತ್ತಿ ನನ್ನ ಮ್ಯಾಲ ಬಿದ್ರು. ಕೆಮ್ಮು ಅಂದ್ರ ಕೆಮ್ಮು, ನಡುವ ಉಸಿರು ತಗೊಳ್ಳಾಕ ಸಂದಿನ ಇರಲಿಲ್ಲ. ತುಟಿ ಕಪ್ಪಾಗಿದ್ವು. “ಏನ್ರಿ, ಏಳ್ರಿ! ಅತ್ತಿ ಸಾಯಾಕ ಹತ್ಯಾರ!” ಅಂತ ಚೀರಿದ್ನಿ. ಇವ್ರು ಓಡಿ ಬಂದು, ತಾಯಿನ್ನ ನೋಡಿ, ಗಾಡಿ ಚಾಲೂ ಮಾಡಾಕ ಒಳಗ ಕುಂತ್ರು. ಕುಂತಷ್ಟ ಜಲ್ದಿ ಕೆಮ್ಮಿಕೋತ ಹೊರಗ ಜಿಗದ್ರು. ಮನಿ ಮುಂದ ಗಾಡಿ ಐತಿ, ಹತ್ತಾಕ ಬರಂಗಿಲ್ಲ! ಬಾಜೂಮನಿ ಶಂಕ್ರೆಪ್ಪ ಕಾಕಾ ಅಟೋ ತಂದ ನಿಲ್ಲಿಸಿದ್ರು. ಅವ್ರ ಪುಣ್ಯಾ ದೊಡ್ಡದು.

ಅಟೋದಾಗ ಅತ್ತಿ ತಲಿ ನನ್ನ ತೊಡಿ ಮ್ಯಾಲಿತ್ತು. “ನಮ್ಮ ದವಾಖಾನಿ ಬ್ಯಾಡವ್ವಾ, ನಗತಾರ” ಅಂತ ಕೆಮ್ಮಿನ ನಡುವ ಅಂದ್ರು. “ನಗಲಿ ಸುಮ್ನಿರ್ರಿ!” ಅಂತ ಗದರಿಸಿದ್ನಿ. ಹಡದವ್ವ ಹೋದ ಮ್ಯಾಲ ನನಗ ಅವ್ವ ಅಂದ್ರ ಇವ್ರ.

ಅವ್ರು ದುಡದ ದವಾಖಾನಿನ ಹತ್ತರ ಇತ್ತು, ಅಲ್ಲೇ ಒಯ್ದ್ವಿ. ಡಾಕ್ಟರ್ ಭಾವನಾ ಬಾಯಾರು ಅತ್ತಿ ಮೂಗಿಗೆ ಆಕ್ಸಿಜನ್ ಹಚ್ಚಿ, ಯಾವದ್ರಾಗ ಯಾವದು ಕೂಡಿಸಿದ್ರು ಅಂತ ಕೇಳಿದ್ರು. ನಾನು ಹೇಳಿದ ಕೂಡ್ಲೆ ಅವ್ರ ಮಾರಿ ಬದಲಾತು.

“ಅವೆರಡೂ ಕೂಡಿದ್ರ ವಿಷದ ಗಾಳಿ ಏಳ್ತದ. ಬಯಲಾಗನ ತ್ರಾಸು, ಇವ್ರು ಬಾಗಲಾ ಹಾಕ್ಕೊಂಡಾರ. ಈಗ ಕೆಮ್ಮು ಕಡಿಮಿ ಆದ್ರೂ ನೀವು ನಂಬಬ್ಯಾಡ್ರಿ. ಪುಪ್ಪುಸದಾಗ ಹಿಂದಿಂದ ನೀರು ತುಂಬಬಹುದು. ಸಂಜೀತನಾ ದಾಟ್ಲಿ, ನೋಡೋಣು.”

ಸಂಜೀತನಾ ಅಂದ್ರ ಎಷ್ಟು ದೂರ ಅಂತ ಆವತ್ತು ಗೊತ್ತಾತು ನನಗ. ಇವ್ರು ಹೊರಗಿನ ಬಾಕಿನ ಮ್ಯಾಲ ತಲಿ ಹಿಡಕೊಂಡ ಕುಂತಿದ್ರು. ನಾನು ಅತ್ತಿ ಎದಿ ನೋಡಕೋತ ಕುಂತ್ನಿ. ಎದಿ ಏರಿದ್ರ ನಾನೂ ಉಸಿರು ತಗೊಳ್ಳೂದು, ಅದು ನಿಂತಂಗಾದ್ರ ನನ್ನದೂ ನಿಲ್ಲೂದು. ಒಮ್ಮೆ ಗರಗರ ಸಪ್ಪಳಾ ಬಂತು. ನೀರು ತುಂಬಿತು ಅಂತ ನರ್ಸಿನ ಕಡೆ ಓಡಿದ್ನಿ. ನರ್ಸ್ ನೋಡಿ “ನಿದ್ದಿ ಹತ್ತೇತ್ರಿ, ಗೊರಕಿ ಅದು” ಅಂದ್ಳು. ನಗಬೇಕೋ ಅಳಬೇಕೋ ತಿಳೀಲಿಲ್ಲ, ಅತ್ತುಬಿಟ್ನಿ.

ಹೊತ್ತು ಮುಳಗೂ ಮುಂದ ಡಾಕ್ಟರ್ ಬಾಯಿ ಮತ್ತ ಬಂದು ಎದಿ ಕೇಳಿದ್ರು. “ಉಳದ್ರಿ ಸಾವಂತ್ರೆವ್ವಾ” ಅಂದ್ರು. “ಇವತ್ತೊಂದಿನ ಇಲ್ಲೇ ಇರ್ರಿ. ಆದ್ರ ನನಗೊಂದು ತಿಳಿವಲ್ದು. ಆ ಘಾಟು ಮೂಗಿಗೆ ಬಡದ್ರ ಯಾರಾದ್ರೂ ಮೊದಲನ ಎದ್ದು ಓಡತಾರ. ನೀವ್ಯಾಕ ಕುಂತ್ರಿ?”

ಅತ್ತಿ ನನ್ನ ಕಡೆ ನೋಡಿದ್ರು. ಕಳ್ಳತನದಾಗ ಸಿಕ್ಕವ್ರಂಗ ನೋಡಿದ್ರು. “ನನಗ ವಾಸನಿ ಬರಂಗಿಲ್ರಿ ಬಾಯಾರ” ಅಂದ್ರು. “ಭಾಳ ವರ್ಷಾತು. ಆಸಿಡ್ ಹಾಕಿ ಹಾಕಿ ಮೂಗು ಸತ್ತೈತಿ. ಹೇಳಿದ್ರ ಕೆಲಸ ಬಿಡಸ್ತಾರಂತ ಅಂಜಿ ಹೇಳಲಿಲ್ಲ. ಆಮ್ಯಾಲ ಹೇಳೂದ ಮರತ್ನಿ.”

ನನಗ ಒಂದೊಂದ ನೆನಪಾಗಾಕ ಹತ್ತಿತು. ಹಾಲು ತಳಾ ಹತ್ತಿ ಓಣಿ ತುಂಬ ನಾತಾ ಹೊಡದ್ರೂ ಅತ್ತಿ ಒಲಿ ಮುಂದ ಆರಾಮ ಕುಂತಿರತಿದ್ರು. ನಾನು ಬೈತಿದ್ನಿ. ವಾಂತಿ ವಾಸನಿನೂ ಅವ್ರಿಗೆ ಬಂದಿದ್ದಿಲ್ಲ. ನಾವಿಬ್ರೂ ಮೂಗು ಮುಚ್ಚಿಕೊಂಡದ್ದು ನೋಡಿ, ನಮಗಂತ ಆ ಗಾಡ್ಯಾಗ ಹೊಕ್ಕಿದ್ರು.

ಡಾಕ್ಟರ್ ಬಾಯಿ ಹೋದ ಮ್ಯಾಲ ಸತ್ಯವ್ವ ನೆಲಾ ಒರಸಾಕ ಬಂದ್ಳು. ಅತ್ತಿ ಜಾಗಾಕ್ಕ ಬಂದಾಕಿ ಅಕಿ, ಇನ್ನೂ ಸಣ್ಣ ವಯಸ್ಸು. ಕೆಲಸ ಎಲ್ಲಾ ಕಲಿಸಿದ್ದು ನಮ್ಮತ್ತಿನ. ಅಕಿ ಬಕೀಟಿನ್ಯಾಗ ಔಷಧ ಸುರವಿದ್ಳು, ಘಾಟು ನನ್ನ ನೆತ್ತಿಗೆ ಏರ್ತು. ಅಕಿ ಮಾರಿ ಮ್ಯಾಲ ಒಂದು ಗೆರಿನೂ ಅಳ್ಳಾಡಲಿಲ್ಲ. ಅತ್ತಿ ಅಕಿನ್ನ ನೋಡಕೋತ ಇದ್ರು.

“ಸತ್ಯವ್ವಾ, ನಿನಗ ಅದರ ವಾಸನಿ ಬರತೈತೇನ?”

ಸತ್ಯವ್ವ ನಕ್ಳು. “ಹೊಸದ್ರಾಗ ಭಾಳ ಬರತಿತ್ರಿ, ತಲಿ ತಿರಗತಿತ್ತು. ನೀವ ಹೇಳಿದ್ರೆಲ್ಲಾ, ದಿನಾ ಮಾಡಿದ್ರ ರೂಢಿ ಆಕ್ಕೈತಿ ಅಂತ. ಈಗ ಏನೂ ಬರಂಗಿಲ್ಲ ನೋಡ್ರಿ, ಆರಾಮ ಐತಿ.”

ಅತ್ತಿ ಮೂಗಿನ ಮ್ಯಾಲಿನ ಆಕ್ಸಿಜನ್ ಕೆಳಗ ಸರಿಸಿ ಎದ್ದು ಕುಂತ್ರು. “ಆ ಬಕೀಟು ಕೆಳಗಿಡು. ಓಡಿ ಹೋಗಿ ಡಾಕ್ಟರ್ ಬಾಯಾರನ್ನ ಕರಕೊಂಡ ಬಾ.”

ಸತ್ಯವ್ವ ಗಾಬರ್ಯಾದ್ಳು. “ಯಾಕ್ರಿ, ಮತ್ತ ತ್ರಾಸ ಆಗಾಕ ಹತ್ತೈತೇನ ನಿಮಗ?”

“ನನಗಲ್ಲವ್ವಾ” ಅಂದ್ರು ಅತ್ತಿ, “ನಿನಗ.”